ಬೋರ್ಡ್

ಇಂಗ್ಲಿಷಿನಿಂದ ಬಂದು ಕನ್ನಡದಲ್ಲಿ ‘ಬೋರ್ಡು’ ಎಂದು ನೆಲೆಯೂರಿದ ಪದ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಮರದ ಹಲಗೆ ಎಂಬ ಅರ್ಥವಿತ್ತು. ಹಡಗಿನ ಪಕ್ಕ ಎಂಬ ಅರ್ಥವೂ ಅಷ್ಟೇ ಹಳೆಯದು. ಇಂದಿನ ಬಹುಪಾಲು ಬಳಕೆಗಳು ಇವೆರಡರಿಂದಲೇ ಕವಲೊಡೆದಿವೆ.

ಹೆಚ್ಚು ಬೆಳೆದದ್ದು ಹಲಗೆಯ ಕವಲು. ಮಧ್ಯಯುಗದ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಊಟದ ಹೊತ್ತಿಗೆ ಮರದ ಆಸರೆಗಾಲುಗಳ ಮೇಲೆ ಉದ್ದನೆಯ ಹಲಗೆ ಹಾಸಿ, ಊಟ ಮುಗಿದ ಮೇಲೆ ತೆಗೆದಿಡುತ್ತಿದ್ದರು. ಹೀಗೆ ಹಲಗೆಯೇ ಮೇಜಾಯಿತು, ಮೇಜೇ ಊಟವಾಯಿತು. ನಮ್ಮ ಪೇಟೆಗಳ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ನಲ್ಲಿ ಬೋರ್ಡಿಂಗ್ ಎಂದರೆ ಊಟ, ಲಾಡ್ಜಿಂಗ್ ಎಂದರೆ ತಂಗುವ ಕೋಣೆ. ಬೋರ್ಡಿಂಗ್ ಶಾಲೆಯ ಹೆಸರಿನಲ್ಲಿರುವುದೂ ಈ ಊಟವೇ. ವಿಮಾನದ ಬೋರ್ಡಿಂಗ್ ಪಾಸ್ ಮಾತ್ರ ಇನ್ನೊಂದು ಕವಲಿನದು: ಅದು ಹಡಗು ಹತ್ತುವವರಿಂದ ಬಂದ ಮಾತು.

ಮೇಜಿನ ಸುತ್ತ ಕೂತು ತೀರ್ಮಾನ ಮಾಡುವವರಿಗೂ ಮೇಜಿನ ಹೆಸರೇ ಅಂಟಿತು. ಇಂಗ್ಲೆಂಡಿನ ಅರಮನೆಯ ಖರ್ಚುವೆಚ್ಚ ನೋಡುತ್ತಿದ್ದ ಅಧಿಕಾರಿಗಳು ಹಸಿರು ಬಟ್ಟೆ ಹೊದಿಸಿದ ಮೇಜಿನ ಮುಂದೆ ಕೂರುತ್ತಿದ್ದುದರಿಂದ ಅವರ ಕಚೇರಿಗೆ ‘ಬೋರ್ಡ್ ಆಫ್ ಗ್ರೀನ್ ಕ್ಲಾತ್’ ಎಂದೇ ಹೆಸರು. ಪದದ ಚರಿತ್ರೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಬೇರೆ ಸಿಗುವುದು ಕಷ್ಟ.

ಭಾರತದ ಆಡಳಿತಕ್ಕೆ ಈ ಅರ್ಥ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರದ ಜೊತೆಗೇ ಬಂತು. ಕಂಪನಿಯ ಮೇಲೆ ಹಿಡಿತವಿಡಲು 1784ರ ಕಾಯಿದೆ ಲಂಡನ್ನಿನಲ್ಲಿ ಬೋರ್ಡ್ ಆಫ್ ಕಂಟ್ರೋಲ್ ಸ್ಥಾಪಿಸಿತು. 1786ರಲ್ಲಿ ಮದರಾಸಿನಲ್ಲಿ ರೆವಿನ್ಯೂ ಬೋರ್ಡ್ ಶುರುವಾಯಿತು. ಮುಂದೆ ತಾಲ್ಲೂಕು ಬೋರ್ಡು, ಜಿಲ್ಲಾ ಬೋರ್ಡುಗಳು ಬಂದವು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಅವು ನಡೆಸುತ್ತಿದ್ದ ಶಾಲೆಗಳು ‘ಬೋರ್ಡ್ ಶಾಲೆ’, ‘ಬೋರ್ಡ್ ಹೈಸ್ಕೂಲ್’ ಎಂದೇ ಹೆಸರಾದವು. ಕರಾವಳಿಯ ಎಷ್ಟೋ ಬಡ ಮಕ್ಕಳಿಗೆ ಅಕ್ಷರ ಕೊಟ್ಟ ಶಾಲೆಗಳವು. ಆ ಹೆಸರನ್ನು ಮರೆಯಬಾರದು.

ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು, ತರಗತಿಯ ಕರಿಹಲಗೆ, ಕೇರಂ ಬೋರ್ಡು, ಕಂಪ್ಯೂಟರಿನ ಮದರ್‌ಬೋರ್ಡ್ ಎಲ್ಲವೂ ಹಲಗೆಯ ನೇರ ಸಂತತಿ. ‘ಬೋರ್ಡ್ ಪರೀಕ್ಷೆ’ ಮಾತ್ರ ಮಂಡಳಿಯ ಕಡೆಯದು.

‘ಮಂಡಳಿ’ ಎಂಬ ಒಳ್ಳೆಯ ಕನ್ನಡ ಮಾತು ಸರ್ಕಾರಿ ಕಾಗದಗಳಲ್ಲಿ ಗಟ್ಟಿಯಾಗಿ ನಿಂತಿದೆ. ಆದರೂ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಜನರ ಬಾಯಲ್ಲಿ ‘ಕೆಇಬಿ’ (ಕರ್ನಾಟಕ ಎಲೆಕ್ಟ್ರಿಸಿಟಿ ಬೋರ್ಡ್) ಆಗಿಯೇ ಉಳಿಯಿತು. 1957ರಲ್ಲಿ ಆರಂಭವಾದ ಆ ಮಂಡಳಿಯ ಜಾಗಕ್ಕೆ 1999ರಲ್ಲಿ ನಿಗಮ ಬಂತು. ಕರೆಂಟು ಹೋದಾಗ ಹಳ್ಳಿಗಳಲ್ಲಿ ಜನ ಇವತ್ತಿಗೂ ಕರೆಯುವುದು ಕೆಇಬಿಯವರನ್ನೇ.