ಆ್ಯಸಿಡ್ ದಾಳಿ ಸಂತ್ರಸ್ತೆಯರ ಪುನರ್ವಸತಿ

ಆ್ಯಸಿಡ್ ದಾಳಿಯಿಂದ ಬದುಕುಳಿದ ಮಹಿಳೆಗೆ ಚಿಕಿತ್ಸೆ, ಪರಿಹಾರ, ಕಾನೂನು ನೆರವು, ಜೀವನೋಪಾಯ ಒದಗಿಸಿ ಸ್ವತಂತ್ರ ಬದುಕಿಗೆ ಮರಳಿಸುವ ಕಾರ್ಯ. ಭಾರತದಲ್ಲಿ ಇದರ ಕಾನೂನು ಬುನಾದಿ ಸಂತ್ರಸ್ತೆ ಲಕ್ಷ್ಮಿ ಹೂಡಿದ ಪ್ರಕರಣ. ಅದರಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈಯಲ್ಲಿ ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿ, ಆ್ಯಸಿಡ್‌ನ ಚಿಲ್ಲರೆ ಮಾರಾಟಕ್ಕೆ ಕಡಿವಾಣ ಹಾಕಿತು. ಅದೇ ವರ್ಷದ ಕ್ರಿಮಿನಲ್ ಕಾನೂನು ತಿದ್ದುಪಡಿ ಖಾಸಗಿ ಆಸ್ಪತ್ರೆಗಳಲ್ಲೂ ಉಚಿತ ಚಿಕಿತ್ಸೆಯನ್ನು ಕಡ್ಡಾಯಗೊಳಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂತ್ರಸ್ತರನ್ನು ತನ್ನ ವ್ಯಾಪ್ತಿಗೆ ತಂದು ಉದ್ಯೋಗ ಮೀಸಲಾತಿಗೆ ದಾರಿ ತೆರೆಯಿತು.

ಪರಿಹಾರಧನ ಕೊಟ್ಟರೆ ಹೊಣೆ ಮುಗಿಯಿತೆಂಬ ವಾದ ನಿಲ್ಲುವಂಥದ್ದಲ್ಲ. ಸುಟ್ಟ ಚರ್ಮ ಮಾಯುತ್ತಲೇ ಬಿಗಿದುಕೊಂಡು ಕುತ್ತಿಗೆಯನ್ನು ಎದೆಯತ್ತ ಎಳೆಯುತ್ತದೆ. ರೆಪ್ಪೆ ಮುಚ್ಚದೆ ಕಣ್ಣು ಒಣಗುತ್ತದೆ. ಶಸ್ತ್ರಚಿಕಿತ್ಸೆಗಳು ವರ್ಷಗಟ್ಟಲೆ ಸಾಗುತ್ತವೆ. ಹಣ ಒಮ್ಮೆ ಬರುತ್ತದೆ, ಖರ್ಚು ನಿಲ್ಲುವುದಿಲ್ಲ. ಆದ್ದರಿಂದ ದುಡಿಮೆಯೇ ಪುನರ್ವಸತಿಯ ನಡುಗಂಬ. ಸಂತ್ರಸ್ತೆಯರೇ ನಡೆಸುವ ಆಗ್ರಾದ ಶಿರೋಸ್ ಹ್ಯಾಂಗ್‌ಔಟ್ ಕೆಫೆ (2014) ಇದಕ್ಕೆ ನಿದರ್ಶನ. ಇಂಥ ಕೆಲಸ ಗಾಯವನ್ನು ಪ್ರದರ್ಶನಕ್ಕಿಡುತ್ತದೆಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಮುಖ ಮರೆಸಿಕೊಂಡರಷ್ಟೇ ಕೆಲಸ ಎನ್ನುವುದು ಶಿಕ್ಷೆಯನ್ನು ಆಕೆಯ ಮೇಲೆಯೇ ಹೊರಿಸುತ್ತದೆ. ಬ್ಯಾಂಕ್ ಖಾತೆಯ ಇ-ಕೆವೈಸಿಗೆ (ಡಿಜಿಟಲ್ ಗುರುತು ದೃಢೀಕರಣಕ್ಕೆ) ಕಣ್ಣು ಮಿಟುಕಿಸಲೇಬೇಕೆಂಬ ನಿಯಮವೂ ಅಂಥದೇ ಅಡ್ಡಗೋಡೆಯಾಗಿತ್ತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಪರ್ಯಾಯ ವಿಧಾನಗಳನ್ನು ಒದಗಿಸುವಂತೆ ಆದೇಶಿಸಿತು.