ಎಲೆಕ್ಟ್ರಿಕ್ ಗಿಟಾರ್‌ಗೆ ಹೊಸ ನಟ್: ವಸ್ತುವಿಗಿಂತ ಮೊದಲು ಅಳತೆ

ವೀಣೆಯಂತೆ ಗಿಟಾರ್‌ನಲ್ಲಿಯೂ ತಂತಿಗಳು ಎರಡು ಆಧಾರಗಳ ನಡುವೆ ಬಿಗಿಗೊಂಡಿರುತ್ತವೆ. ವೀಣೆಯ ಕುದುರೆಯ ಸ್ಥಾನದಲ್ಲಿ ಗಿಟಾರ್‌ಗೆ ಬ್ರಿಡ್ಜ್ ಇದೆ. ಇನ್ನೊಂದು ತುದಿಯಲ್ಲಿ, ಬಿರಡೆಗಳಿರುವ ತಲೆಯು ಕುತ್ತಿಗೆಯನ್ನು ಕೂಡುವಲ್ಲಿ, ಆರು ಕಚ್ಚುಗಳುಳ್ಳ ಸಣ್ಣ ಪಟ್ಟಿಯೊಂದು ಅಡ್ಡಲಾಗಿ ಕುಳಿತಿರುತ್ತದೆ. ಅದೇ ನಟ್. ಬೋಲ್ಟಿಗೆ ಹಾಕುವ ನಟ್ಟಿಗೂ ಇದಕ್ಕೂ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲ.

ತಂತಿಗಳ ನಡುವಣ ಅಂತರ, ಮೊದಲ ಫ್ರೆಟ್‌ಗಳ ಮೇಲೆ ಅವುಗಳ ಎತ್ತರ ಹಾಗೂ ಬಿರಡೆ ತಿರುಗಿಸಿದಾಗ ಅವು ಸರಾಗವಾಗಿ ಜಾರುವುದು ಈ ಪಟ್ಟಿಯನ್ನು ಅವಲಂಬಿಸಿವೆ. ಆದರೂ ವಾದ್ಯ ಪದೇ ಪದೇ ಅಪಶ್ರುತಿಗೆ ಇಳಿದಾಗ ಬಹುಮಂದಿ ಶಂಕಿಸುವುದು ಬಿರಡೆಗಳನ್ನೇ. ದುಬಾರಿ ಬಿರಡೆಗಳನ್ನು ಹಾಕಿಸಿದ ಮೇಲೂ ದೋಷ ಉಳಿದಾಗ ನಟ್ ಕಡೆಗೆ ದೃಷ್ಟಿ ಹರಿಯುತ್ತದೆ.

ಬದಲಿಸುವ ಅಗತ್ಯವಿದೆಯೇ?

ಮೊದಲು ಕುತ್ತಿಗೆಯ ಬಾಗು ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಬಾಗು ಹೆಚ್ಚು ಕಡಿಮೆಯಾಗಿದ್ದರೆ ನಟ್ ಕುರಿತ ಯಾವ ಪರೀಕ್ಷೆಯೂ ನಂಬಲರ್ಹವಲ್ಲ. ಅದಾದ ಮೇಲೆ ಒಂದೊಂದೇ ತಂತಿಯನ್ನು ಮೂರನೆಯ ಫ್ರೆಟ್‌ನ ಬಳಿ ಒತ್ತಿ ಹಿಡಿದು, ಮೊದಲ ಫ್ರೆಟ್‌ನ ಮೇಲೆ ತಂತಿಗೆ ಎಷ್ಟು ಅಂತರವಿದೆ ಎಂದು ಗಮನಿಸಬೇಕು. ಒಂದು ತೆಳು ಕಾಗದ ತೂರುವಷ್ಟು ಅಂತರವಿದ್ದರೆ ಸರಿ. ಅಂತರವೇ ಇಲ್ಲದಿದ್ದರೆ ಕಚ್ಚು ಅತಿ ಆಳವಾಗಿದೆ. ಇಂತಹ ತಂತಿಯನ್ನು ಒತ್ತದೆ ಮೀಟಿದಾಗ ಅದು ಮೊದಲ ಫ್ರೆಟ್‌ಗೆ ತಾಗಿ ಝೇಂಕರಿಸುತ್ತದೆ.

ಅಂತರ ಹೆಚ್ಚಾಗಿದ್ದರೆ ಕಚ್ಚು ಎತ್ತರದಲ್ಲಿದೆ. ಆಗ ಮೊದಲ ಫ್ರೆಟ್‌ನಲ್ಲಿ ಒತ್ತಿದ ತಂತಿ ಹೆಚ್ಚು ಹಿಗ್ಗಿ, ಸ್ವರ ಏರುತ್ತದೆ. ತಂತಿಗಳು ಬಿಡಿಯಾಗಿ ಶ್ರುತಿಯಲ್ಲಿದ್ದರೂ ಎಫ್ ಕಾರ್ಡ್ ಕಿವಿಗೆ ಹಿತವಾಗದಿರಲು ಇದೇ ಸಾಮಾನ್ಯ ಕಾರಣ. ಬಿರಡೆ ತಿರುಗಿಸುವಾಗ 'ಟಿಣ್' ಎಂಬ ಸದ್ದಿನೊಡನೆ ಸ್ವರ ಥಟ್ಟನೆ ಜಿಗಿದರೆ, ತಂತಿ ಕಚ್ಚಿನಲ್ಲಿ ಸಿಲುಕುತ್ತಿದೆ ಎಂದರ್ಥ.

ಈ ದೋಷಗಳಲ್ಲಿ ಎರಡಕ್ಕೆ ಹೊಸ ನಟ್ ಬೇಕೇ ಬೇಕೆಂದಿಲ್ಲ. ಎತ್ತರದ ಕಚ್ಚನ್ನು ಅರದಿಂದ ಇಳಿಸಬಹುದು. ಸಿಲುಕುವ ಕಚ್ಚನ್ನು ನುಣುಪಾಗಿಸಿ ಪೆನ್ಸಿಲ್‌ನ ಗ್ರಾಫೈಟ್ ಪುಡಿ ಹಚ್ಚಬಹುದು. ನಟ್ ಬಿರುಕು ಬಿಟ್ಟಿದ್ದರೆ, ಕಚ್ಚು ಅತಿ ಆಳವಾಗಿದ್ದರೆ ಅಥವಾ ತಂತಿಗಳ ಅಂತರವೇ ತಪ್ಪಾಗಿದ್ದರೆ ಬದಲಾವಣೆ ಅನಿವಾರ್ಯ.

ಅಳತೆಗಳು

ಕಂಪನಿಯ ಹೆಸರು ನೋಡಿ ನಟ್ ಕೊಳ್ಳುವುದು ಸಾಲದು. ಹಳೆಯ ನಟ್‌ನ ಉದ್ದ, ದಪ್ಪ, ಎತ್ತರ ಹಾಗೂ ಮೊದಲ ತಂತಿಯಿಂದ ಆರನೆಯ ತಂತಿಯವರೆಗಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಬರೆದಿಟ್ಟುಕೊಳ್ಳಬೇಕು.

ಹಳೆಯ ಮಾದರಿಯ ಫೆಂಡರ್‌ಗಳಲ್ಲಿ ಕುತ್ತಿಗೆಯ ಅಗಲ ನಟ್ ಬಳಿ ಸುಮಾರು 42 ಮಿ.ಮೀ. ಇದ್ದರೆ, ಈಚಿನವುಗಳಲ್ಲಿ ಹಾಗೂ ಅನೇಕ ಗಿಬ್ಸನ್‌ಗಳಲ್ಲಿ ಸುಮಾರು 43 ಮಿ.ಮೀ. ಇರುತ್ತದೆ. ಫೆಂಡರ್ ನಟ್ ಫಿಂಗರ್ ಬೋರ್ಡ್‌ನಲ್ಲಿ ಕೊರೆದ ತೋಡಿನೊಳಗೆ ಕೂರುತ್ತದೆ. ದಪ್ಪ ಸುಮಾರು 3.2 ಮಿ.ಮೀ. ಗಿಬ್ಸನ್ ನಟ್ ಫಿಂಗರ್ ಬೋರ್ಡ್ ಮುಗಿದಲ್ಲಿ ಕೂರುತ್ತದೆ, ದಪ್ಪವೂ ಹೆಚ್ಚು. ಆದ್ದರಿಂದ ಒಂದರ ನಟ್ ಇನ್ನೊಂದಕ್ಕೆ ಹೊಂದದು. ತೋಡಿನ ತಳ ಕೆಲವು ಗಿಟಾರ್‌ಗಳಲ್ಲಿ ಸಮತಟ್ಟಾಗಿರುತ್ತದೆ, ಕೆಲವುಗಳಲ್ಲಿ ಕಮಾನಿನಂತಿರುತ್ತದೆ. ಹೊಸ ನಟ್‌ನ ತಳವೂ ಹಾಗೆಯೇ ಇರಬೇಕು.

ಫಿಂಗರ್ ಬೋರ್ಡ್‌ನ ಮೇಲ್ಮೈ ಕೂಡ ಕಮಾನಾಗಿರುತ್ತದೆ. ಹಳೆಯ ಫೆಂಡರ್‌ಗಳಲ್ಲಿ ಈ ಕಮಾನಿನ ತ್ರಿಜ್ಯ 7.25 ಇಂಚು, ಈಚಿನ ಅನೇಕ ಫೆಂಡರ್‌ಗಳಲ್ಲಿ 9.5 ಇಂಚು, ಗಿಬ್ಸನ್‌ಗಳಲ್ಲಿ ಸಾಮಾನ್ಯವಾಗಿ 12 ಇಂಚು. ಕಚ್ಚುಗಳ ಸಾಲು ಈ ಕಮಾನನ್ನೇ ಅನುಸರಿಸಬೇಕು.

ಒಂದೇ ಕಂಪನಿಯಲ್ಲಿಯೂ ಅಳತೆ ಬದಲಾಗುವುದುಂಟು. 2015ರಲ್ಲಿ ಗಿಬ್ಸನ್ ತನ್ನ ಹೆಚ್ಚಿನ ಮಾದರಿಗಳಿಗೆ ಎತ್ತರ ಹೊಂದಿಸಬಲ್ಲ ಹಿತ್ತಾಳೆಯ ನಟ್ ಅಳವಡಿಸಿ, ಕುತ್ತಿಗೆಯನ್ನೂ ಅಗಲಗೊಳಿಸಿತ್ತು. ಅನೇಕ ವಾದಕರಿಗೆ ಅದು ಒಗ್ಗಲಿಲ್ಲ. ಆ ವರ್ಷದ ವಾದ್ಯಕ್ಕೆ ನಟ್ ಹುಡುಕುವವರು ಮಾಮೂಲು ಗಿಬ್ಸನ್ ನಟ್ ತಂದರೆ ಪ್ರಯೋಜನವಾಗದು.

ಎಡಗೈ ವಾದಕರು ಬಲಗೈ ಗಿಟಾರ್‌ನ ತಂತಿಗಳನ್ನು ಅದಲುಬದಲು ಮಾಡಿ ಕಟ್ಟುವುದಾದರೆ, ದಪ್ಪ ತಂತಿಯ ಪಾಲಿಗೆ ಕಿರಿದಾದ ಕಚ್ಚು ಬರುತ್ತದೆ. ಅವರಿಗೆ ಬೇರೆಯದೇ ನಟ್ ಬೇಕು.

ಯಾವ ವಸ್ತು?

ಬೆರಳಿನಿಂದ ಒತ್ತಿದ ತಂತಿ ಕಂಪಿಸುವುದು ಫ್ರೆಟ್ ಮತ್ತು ಬ್ರಿಡ್ಜ್‌ಗಳ ನಡುವೆ. ಹಾಗಾಗಿ ನಟ್‌ನ ವಸ್ತುವು ಧ್ವನಿಯ ಮೇಲೆ ಬೀರುವ ಪ್ರಭಾವ ಮುಖ್ಯವಾಗಿ ಒತ್ತದೆ ನುಡಿಸುವ ತಂತಿಗಳಿಗೆ ಸೀಮಿತ. ನಾದ ಬದಲಾದೀತೆಂಬ ಆಸೆಯಿಂದ ಹಣ ಸುರಿಯುವ ಮುನ್ನ ಇದನ್ನು ನೆನೆಯುವುದು ಒಳಿತು.

ಅಗ್ಗದ ಗಿಟಾರ್‌ಗಳ ಟೊಳ್ಳು ಪ್ಲಾಸ್ಟಿಕ್ ನಟ್ ಬೇಗ ಸವೆಯುತ್ತದೆ. ಮೂಳೆ ಗಟ್ಟಿ, ಬಾಳಿಕೆಯುಳ್ಳದ್ದು, ಚೆನ್ನಾಗಿ ಹೊಳಪು ಪಡೆಯುತ್ತದೆ. ಆದರೆ ತುಂಡಿನಿಂದ ತುಂಡಿಗೆ ಸಾಂದ್ರತೆ ಬದಲಾಗಬಹುದು. ಕೆನಡಾದ ಗ್ರಾಫ್ ಟೆಕ್ ಕಂಪನಿಯ ಟಸ್ಕ್ ಎಂಬ ಕೃತಕ ವಸ್ತು ಏಕರೂಪವಾಗಿದೆ. ಅದರದೇ ಟಸ್ಕ್ ಎಕ್ಸ್‌ಎಲ್‌ನಲ್ಲಿ ಜಾರುವ ಗುಣದ ಪಿಟಿಎಫ್‌ಇ ಬೆರೆತಿರುತ್ತದೆ. ಟ್ರೆಮೊಲೊ ಸನ್ನೆಯನ್ನು ಹೆಚ್ಚಾಗಿ ಬಳಸುವವರಿಗೆ ಇಂತಹ ಜಾರುವ ವಸ್ತು ಅನುಕೂಲ. 1970ರ ದಶಕದಲ್ಲಿ ಜನಪ್ರಿಯವಾಗಿದ್ದ ಹಿತ್ತಾಳೆ ಗಟ್ಟಿಯಾದುದು, ಆದರೆ ಅದನ್ನು ಅರದಿಂದ ಕೊರೆಯುವುದು ಶ್ರಮದ ಕೆಲಸ.

ಆನೆದಂತದ ನಟ್ ಕೊಡುತ್ತೇವೆ ಎನ್ನುವವರಿಂದ ದೂರವಿರಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದಲ್ಲಿ ದಂತದ ವ್ಯಾಪಾರ ಅಪರಾಧ. ಮೂಳೆ ಅಥವಾ ಟಸ್ಕ್ ಮಾಡಲಾಗದ ಕೆಲಸವನ್ನು ದಂತವೇನೂ ಮಾಡದು.

ವಿಶೇಷ ನಟ್‌ಗಳು

ಜೆಫ್ ಬೆಕ್ ಹೆಸರಿನ ಫೆಂಡರ್ ಸ್ಟ್ರಾಟೊಕಾಸ್ಟರ್‌ನಲ್ಲಿರುವಂತಹ ರೋಲರ್ ನಟ್‌ನಲ್ಲಿ ತಂತಿಗಳು ಉರುಳುವ ಆಧಾರದ ಮೇಲೆ ಸಾಗುತ್ತವೆ. ಫ್ಲಾಯ್ಡ್ ರೋಸ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ಲಾಕಿಂಗ್ ನಟ್ ತಂತಿಗಳನ್ನು ಸ್ಕ್ರೂಗಳಿಂದ ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಎರಡೂ ಉಪಯುಕ್ತವಾದರೂ, ಮಾಮೂಲು ಗಿಟಾರ್‌ಗೆ ಇವನ್ನು ಕೂರಿಸಲು ಬಹುಮಟ್ಟಿಗೆ ಮರವನ್ನು ಕೊರೆಯಬೇಕಾಗುತ್ತದೆ. ಕೊರೆದ ಮರ ಮರಳಿ ಬಾರದು. ಹಳೆಯ, ಬೆಲೆಬಾಳುವ ವಾದ್ಯವಾದರೆ ಮೌಲ್ಯವೂ ಕುಸಿಯುತ್ತದೆ.

ಅಳವಡಿಕೆ

ಕಚ್ಚು ಕೊರೆದು ಸಿದ್ಧವಾದ ನಟ್ ಕೂಡ ಹಾಗೆಯೇ ಕೂರುವುದು ಅಪರೂಪ. ಎತ್ತರ ತುಸು ಹೆಚ್ಚಿರುವುದನ್ನೇ ಆರಿಸಿ, ತಳವನ್ನು ಮರಳು ಕಾಗದದ ಮೇಲೆ ಉಜ್ಜಿ ಇಳಿಸಬೇಕು. ಹಳೆಯ ನಟ್ ತೆಗೆಯುವ ಮುನ್ನ ಸುತ್ತಲಿನ ಬಣ್ಣದ ಲೇಪವನ್ನು ಹರಿತವಾದ ಬ್ಲೇಡಿನಿಂದ ಗೀರಿಕೊಳ್ಳದಿದ್ದರೆ ಲೇಪವೂ ಚಕ್ಕೆಯಾಗಿ ಕಿತ್ತುಬರುತ್ತದೆ. ಕೂರಿಸಲು ಮರದ ಅಂಟಿನ ಒಂದೆರಡು ಹನಿ ಸಾಕು. ಮುಂದೊಮ್ಮೆ ತೆಗೆಯಬೇಕಾಗುವುದರಿಂದ ಅತಿ ಬಲವಾದ ಅಂಟು ಬೇಡ.

ಪ್ರತಿ ಕಚ್ಚೂ ತನ್ನ ತಂತಿಗಿಂತ ಕೂದಲೆಳೆಯಷ್ಟು ಅಗಲವಾಗಿರಬೇಕು. ಅದರ ತಳವು ಫಿಂಗರ್ ಬೋರ್ಡ್ ಕಡೆಯ ಅಂಚಿನಲ್ಲಿ ಎತ್ತರವಾಗಿದ್ದು, ಬಿರಡೆಯ ಕಡೆಗೆ ಇಳಿಜಾರಾಗಿರಬೇಕು. 0.009 ಇಂಚಿನ ತಂತಿಯಿಂದ 0.010ಕ್ಕೆ ಹೋಗುವವರು ಕಚ್ಚುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಕಚ್ಚನ್ನು ಇಳಿಸುವುದು ಸುಲಭ, ಏರಿಸುವುದು ಕಷ್ಟ. ಎರಡು ಮೂರು ಬಾರಿ ಅರ ಆಡಿಸಿ, ತಂತಿ ಕಟ್ಟಿ, ಶ್ರುತಿ ಮಾಡಿ ನೋಡಿದ ಮೇಲೆಯೇ ಮುಂದುವರಿಯಬೇಕು. ಇಷ್ಟು ತಾಳ್ಮೆಯಾಗಲಿ, ತಂತಿಯ ದಪ್ಪಕ್ಕೆ ತಕ್ಕ ಅರಗಳಾಗಲಿ ಇಲ್ಲದವರು ಅನುಭವಿ ರಿಪೇರಿಗಾರರಿಗೆ ಕೆಲಸ ಒಪ್ಪಿಸುವುದೇ ಕ್ಷೇಮ. ಸಾಧಾರಣ ವಸ್ತುವಿನ ನಟ್ ಕೂಡ ಕಚ್ಚು ಸರಿಯಾಗಿದ್ದರೆ ಶ್ರುತಿಯನ್ನು ಹಿಡಿದಿಡುತ್ತದೆ. ಕಚ್ಚು ಕೆಟ್ಟರೆ ಅತಿ ದುಬಾರಿ ನಟ್ ಕೂಡ ನಿರುಪಯೋಗಿ.