ಹಂದಿಮರಿಗಳ ಕೆಮ್ಮು: ಗುರುತಿಸುವುದು ಹೇಗೆ, ನಿಭಾಯಿಸುವುದು ಹೇಗೆ?

ಕೊಡಗಿನ ಪಂದಿಕರಿಯಿಂದ ಹಿಡಿದು ಬೆಂಗಳೂರಿನ ಹೋಟೆಲ್‌ಗಳವರೆಗೆ ರಾಜ್ಯದಲ್ಲಿ ಹಂದಿಮಾಂಸಕ್ಕೆ ಬೇಡಿಕೆ ಇದ್ದೇ ಇದೆ. ಯಾರ್ಕ್‌ಷೈರ್, ಲ್ಯಾಂಡ್‌ರೇಸ್, ಡ್ಯೂರಾಕ್‌ನಂತಹ ವಿದೇಶಿ ತಳಿಗಳನ್ನು ಸಿಮೆಂಟ್ ನೆಲದ ಶೆಡ್‌ಗಳಲ್ಲಿ ಸಾಕುವ ಉದ್ಯಮಕ್ಕೆ ನಗರವಾಸಿಗಳೂ ಹಣ ಹೂಡುತ್ತಿದ್ದಾರೆ. ಹೀಗೆ ಹಣ ಹೂಡುವವರ ಲೆಕ್ಕಾಚಾರ ಬಹುತೇಕ ತಪ್ಪುವುದು ದೊಡ್ಡ ಹಂದಿಗಳಲ್ಲಲ್ಲ, ಎರಡರಿಂದ ನಾಲ್ಕು ತಿಂಗಳ ಮರಿಗಳಲ್ಲಿ. ಆ ವಯಸ್ಸಿನಲ್ಲಿ ಅವುಗಳನ್ನು ಕಾಡುವ ತೊಂದರೆಗಳಲ್ಲಿ ಶ್ವಾಸಕೋಶದ ಕಾಯಿಲೆಗಳಿಗೆ ಪ್ರಮುಖ ಸ್ಥಾನವಿದೆ.

ಈ ಕಾಯಿಲೆಗಳಲ್ಲಿ ಅತಿ ಸಾಮಾನ್ಯವಾದದ್ದು ಮೈಕೋಪ್ಲಾಸ್ಮಾ ಹಯೋನ್ಯುಮೋನಿಯೆ ಎಂಬ ಸೂಕ್ಷ್ಮಾಣುವಿನಿಂದ ಬರುವ ನ್ಯುಮೋನಿಯಾ. ಇದಕ್ಕೆ ಮೊದಲು ವೈರಸ್ ಕಾರಣವೆಂದು ಭಾವಿಸಲಾಗಿತ್ತು. ನಿಜವಾದ ಕಾರಣ ಪತ್ತೆಯಾದದ್ದು 1965ರಲ್ಲಿ. ಈ ರೋಗ ಮರಿಗಳನ್ನು ಕೊಲ್ಲುವುದು ಅಪರೂಪ. ಮರಿ ಮೇವು ತಿನ್ನುತ್ತದೆ, ಓಡಾಡುತ್ತದೆ, ಆಗಾಗ ಒಣಕೆಮ್ಮು ಕೆಮ್ಮುತ್ತದೆ, ಆದರೆ ಬೆಳೆಯುವುದಿಲ್ಲ. ಒಂದೇ ಸೂಲಿನ ಮರಿಗಳು ಮೂರು ತಿಂಗಳಾಗುವಷ್ಟರಲ್ಲಿ ಮೂರು ಗಾತ್ರದಲ್ಲಿ ಕಂಡರೆ ಸಾಕಣೆದಾರರು ಮೇವನ್ನು ದೂರುವುದುಂಟು. ಸಾವಿನ ಲೆಕ್ಕದಲ್ಲಿ ಕಾಣದ ಈ ನಷ್ಟವೇ ನಿಜಕ್ಕೂ ದುಬಾರಿ.

ಕೆಮ್ಮನ್ನು ಪತ್ತೆ ಹಚ್ಚಲು ಸುಲಭದ ಉಪಾಯವೊಂದಿದೆ. ಬೆಳಗಿನ ಹೊತ್ತು ಮಲಗಿರುವ ಮರಿಗಳನ್ನೆಲ್ಲ ಎಬ್ಬಿಸಿ ಸ್ವಲ್ಪ ಓಡಾಡಿಸಬೇಕು. ಬಳಿಕ ಎರಡು ಮೂರು ನಿಮಿಷ ಸುಮ್ಮನೆ ನಿಂತು ಎಷ್ಟು ಮರಿಗಳು ಕೆಮ್ಮಿದವೆಂದು ಎಣಿಸಿ ಬರೆದಿಡಬೇಕು. ವಾರದಿಂದ ವಾರಕ್ಕೆ ಈ ಸಂಖ್ಯೆ ಏರುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಉಸಿರಾಟವನ್ನು ಮಾತ್ರ ಮರಿ ಮಲಗಿರುವಾಗಲೇ ಎಣಿಸಬೇಕು. ಹಾಲು ಬಿಟ್ಟ ಮರಿ ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ ಸುಮಾರು 25ರಿಂದ 40 ಬಾರಿ ಉಸಿರಾಡುತ್ತದೆ. ಇದಕ್ಕಿಂತ ಬಹಳ ಹೆಚ್ಚಾಗಿ, ಎದೆಯ ಬದಲು ಹೊಟ್ಟೆ ಬಡಿದುಕೊಳ್ಳುವಂತೆ ಉಸಿರಾಡುತ್ತಿದ್ದರೆ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದೆ ಎಂದರ್ಥ. ಹಂದಿಗೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬಿಸಿಲಿಗೂ ಅದು ಏದುಸಿರು ಬಿಡುತ್ತದೆ. ನೆರಳು, ನೀರು ಒದಗಿಸಿದ ಮೇಲೂ ಏದುಸಿರು ಇಳಿಯದಿದ್ದರೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಬೇಕು. 40 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಪಶುವೈದ್ಯರನ್ನು ಕರೆಸುವುದು ಕ್ಷೇಮ.

ಏದುಸಿರೆಲ್ಲ ನ್ಯುಮೋನಿಯಾ ಅಲ್ಲ

ಎರಡು ಮೂರು ವಾರದ ಮರಿಗಳು ಬಿಳಿಚಿಕೊಂಡು, ಸ್ವಲ್ಪ ಓಡಿದರೂ ಪಕ್ಕೆ ಹಾರಿಸತೊಡಗಿದರೆ ಅದು ಹೆಚ್ಚಾಗಿ ರಕ್ತಹೀನತೆ. ಹುಟ್ಟುವಾಗ ಮರಿಯ ದೇಹದಲ್ಲಿರುವ ಕಬ್ಬಿಣಾಂಶ ಸುಮಾರು 50 ಮಿಲಿಗ್ರಾಂ. ಬೆಳೆಯುವ ಮರಿಗೆ ದಿನಕ್ಕೆ 7 ಮಿಲಿಗ್ರಾಂನಷ್ಟು ಬೇಕು. ತಾಯಿಯ ಹಾಲಿನಿಂದ ದೊರೆಯುವುದು 1 ಮಿಲಿಗ್ರಾಂ ಮಾತ್ರ. ಮಣ್ಣು ಕೆದಕಿ ಬೆಳೆಯುವ ನಾಟಿ ಹಂದಿಗೆ ಈ ಕೊರತೆ ಅಷ್ಟಾಗಿ ಕಾಡಲಿಲ್ಲ, ಮಣ್ಣೇ ಅದಕ್ಕೆ ಔಷಧವಾಗಿತ್ತು. ಸಮಸ್ಯೆ ಬಂದದ್ದು ಸಿಮೆಂಟ್ ನೆಲದ ಜೊತೆಗೆ. ಹುಟ್ಟಿದ ಮೂರನೆಯ ದಿನದ ಆಸುಪಾಸಿನಲ್ಲಿ ನೀಡುವ 200 ಮಿಲಿಗ್ರಾಂ ಕಬ್ಬಿಣಾಂಶದ ಚುಚ್ಚುಮದ್ದು ಇದನ್ನು ತಡೆಯುತ್ತದೆ.

ಇನ್ನೊಂದು ಜಂತುಹುಳು. ದುಂಡುಹುಳುವಿನ ಮೊಟ್ಟೆ ಮರಿಯ ಹೊಟ್ಟೆ ಸೇರಿ ಒಡೆದ ಮೇಲೆ ಮರಿಹುಳುಗಳು ಯಕೃತ್ತನ್ನು ಹಾದು ಸುಮಾರು ಒಂದು ವಾರದಲ್ಲಿ ಶ್ವಾಸಕೋಶ ತಲುಪುತ್ತವೆ. ಆಗ ಕಾಣುವ ಕೆಮ್ಮು, ಏದುಸಿರು ನ್ಯುಮೋನಿಯಾವನ್ನೇ ಹೋಲುತ್ತವೆ. ಬಯಲಲ್ಲಿ ಮೇಯುವ ಹಂದಿಗಳಿಗೆ ಎರೆಹುಳುಗಳ ಮೂಲಕ ಶ್ವಾಸಕೋಶದ ಹುಳುವೂ ತಗಲುತ್ತದೆ. ಇಂಥ ಮರಿಗಳಿಗೆ ಎಷ್ಟು ಆ್ಯಂಟಿಬಯಾಟಿಕ್ ಚುಚ್ಚಿದರೂ ಹಣ ಪೋಲೇ ಹೊರತು ಹುಳು ಸಾಯುವುದಿಲ್ಲ. ಸಗಣಿ ಪರೀಕ್ಷೆ ಮಾಡಿಸಿ ಜಂತುನಾಶಕ ಕೊಡಿಸಬೇಕು.

ಸೀನು, ಕಣ್ಣಿನ ಕೆಳಗೆ ಕಪ್ಪು ಕಲೆ, ಕ್ರಮೇಣ ಒಂದು ಪಕ್ಕಕ್ಕೆ ತಿರುಚಿಕೊಳ್ಳುವ ಮೂತಿ, ಇವು ಮೂಗಿನ ಒಳಗಿನ ಎಲುಬು ಸವೆಯುವ ರೋಗದ ಗುರುತುಗಳು. ಇಡೀ ಶೆಡ್ ಒಂದೇ ದಿನ ಜ್ವರ ಹಿಡಿದು ಮಲಗಿ, ಗಟ್ಟಿಯಾಗಿ ಕೆಮ್ಮಿ, ವಾರದೊಳಗೆ ಎದ್ದು ನಿಂತರೆ ಅದು ಇನ್‌ಫ್ಲುಯೆಂಜಾ ಇರಬಹುದು. ಇದು ಮನುಷ್ಯರಿಂದ ಹಂದಿಗೂ ಹರಡಬಲ್ಲದು. ಫ್ಲೂ ಬಂದ ಕೆಲಸಗಾರರಿಗೆ ರಜೆ ಕೊಡುವುದು ಹಂದಿಗಳ ದೃಷ್ಟಿಯಿಂದಲೂ ಒಳ್ಳೆಯದು. ನಿನ್ನೆ ಚೆನ್ನಾಗಿದ್ದ ಮರಿ ಬಾಯಿ ಮೂಗಿನಲ್ಲಿ ರಕ್ತಮಿಶ್ರಿತ ನೊರೆ ಕಾರಿ ಸತ್ತಿದ್ದರೆ, ಉಳಿದವು ನಾಯಿಯಂತೆ ಕುಳಿತು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದರೆ ಆ್ಯಕ್ಟಿನೊಬ್ಯಾಸಿಲಸ್ ಸೋಂಕನ್ನು ಶಂಕಿಸಬೇಕಾಗುತ್ತದೆ. ಇಲ್ಲಿ ಗಂಟೆಗಳೇ ಲೆಕ್ಕ.

ಆದರೆ ತೀವ್ರ ಜ್ವರದೊಂದಿಗೆ ಕಿವಿ, ಹೊಟ್ಟೆಯ ಚರ್ಮ ಕೆಂಪು ಅಥವಾ ನೇರಳೆ ಬಣ್ಣಕ್ಕೆ ತಿರುಗಿ ಹಂದಿಗಳು ಒಂದರ ಮೇಲೊಂದು ಬಿದ್ದು ಸಾಯುತ್ತಿದ್ದರೆ ಮನೆಮದ್ದು, ಊಹೆ ಯಾವುದೂ ಸಲ್ಲದು. ಅದು ಹಂದಿಜ್ವರ ಇಲ್ಲವೇ ಆಫ್ರಿಕನ್ ಹಂದಿಜ್ವರ ಆಗಿರಬಹುದು. ಎರಡನೆಯದು 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳ ಮೂಲಕ ದೇಶದಲ್ಲಿ ಕಾಣಿಸಿಕೊಂಡು 2022ರಲ್ಲಿ ಕೊಡಗಿನ ನೆರೆಯ ವಯನಾಡಿಗೂ ಬಂದಿತ್ತು. 2009ರ ಪ್ರಾಣಿರೋಗ ನಿಯಂತ್ರಣ ಕಾಯ್ದೆಯಂತೆ ಇಂಥ ರೋಗದ ಶಂಕೆಯನ್ನು ತಿಳಿಸುವುದು ಮಾಲೀಕರ ಕರ್ತವ್ಯ. ಸತ್ತ ಹಂದಿಯನ್ನು ಸಾಕಣೆದಾರರೇ ಕೊಯ್ದು ನೋಡಬಾರದು, ಉಳಿದವನ್ನು ಅವಸರದಲ್ಲಿ ಮಾರಲೂಬಾರದು. ರೋಗ ಊರಿಂದೂರಿಗೆ ಹೋಗುವ ಒಂದು ದಾರಿ ಈ ಅವಸರದ ಮಾರಾಟ.

ಗಾಳಿಯೇ ಮೊದಲ ಔಷಧ

ಮಲೆನಾಡು, ಕೊಡಗಿನ ಮಳೆಗಾಲದಲ್ಲಿ ಚಳಿಗೆ ಹೆದರಿ ಶೆಡ್‌ನ ನಾಲ್ಕೂ ಕಡೆ ಟಾರ್ಪಾಲು ಬಿಗಿಯುವುದುಂಟು. ಒಳಗೆ ಗಂಜಲದ ಅಮೋನಿಯಾ ತುಂಬಿ ಮರಿಗಳ ಶ್ವಾಸನಾಳದ ಒಳಪೊರೆಯನ್ನು ಕೆಡಿಸುತ್ತದೆ. ರೋಗಾಣುಗಳ ಕೆಲಸ ಹಗುರಾಗುತ್ತದೆ. ಒಳಹೊಕ್ಕವರ ಕಣ್ಣು ಉರಿದರೆ ಪರೀಕ್ಷೆಗೆ ಬೇರೆ ಉಪಕರಣ ಬೇಡ. ಹಾಗೆಂದು ನೆಲಮಟ್ಟದಲ್ಲಿ ಚಳಿಗಾಳಿ ನೇರವಾಗಿ ಬಡಿಯಲೂಬಾರದು. ಟಾರ್ಪಾಲನ್ನು ಕೆಳಭಾಗದಲ್ಲಿ ಕಟ್ಟಿ ಸೂರಿನ ಬಳಿ ತೆರೆದಿಟ್ಟರೆ ಎರಡೂ ಸಾಧ್ಯ. ಹುಟ್ಟಿದ ವಾರದ ಮರಿಗೆ 32ರಿಂದ 34 ಡಿಗ್ರಿ ಬಿಸಿ ಬೇಕು, ತಾಯಿಗೆ ಅಷ್ಟು ಬಿಸಿ ತಡೆಯದು. ಇಡೀ ಶೆಡ್ಡನ್ನು ಕಾಯಿಸುವ ಬದಲು ಮೂಲೆಯಲ್ಲಿ ಮರಿಗಳಿಗಷ್ಟೇ ಒಣಹುಲ್ಲು ಹಾಸಿ ಬಲ್ಬು ತೂಗುಹಾಕುವುದು ಜಾಣತನ.

ಹಂದಿಯ ಗರ್ಭದಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ದಾಟುವುದಿಲ್ಲ. ಮೊದಲ ದಿನದ ಗಿಣ್ಣುಹಾಲೇ ಅದರ ಏಕೈಕ ಆಸ್ತಿ. ಬಡಕಲು ಮರಿಯನ್ನು ಕೈಯಾರೆ ಮೊಲೆಗೆ ಹಚ್ಚುವ ಆ ಕೆಲವು ಗಂಟೆಗಳ ಶ್ರಮಕ್ಕೆ ಮುಂದೆ ಕೊಡುವ ಯಾವ ಔಷಧವೂ ಸಮವಲ್ಲ.

ಔಷಧದ ವಿಚಾರದಲ್ಲಿ ಅಂಗಡಿಯವರ ಸಲಹೆ ಸಾಲದು. ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲವಾದ್ದರಿಂದ ಪೆನ್ಸಿಲಿನ್ ಅದರ ಮೇಲೆ ನಾಟುವುದಿಲ್ಲ. ಟಿಯಾಮುಲಿನ್, ಟೈಲೋಸಿನ್, ಆಕ್ಸಿಟೆಟ್ರಾಸೈಕ್ಲಿನ್ ಮೊದಲಾದವುಗಳಲ್ಲಿ ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅಗ್ಗವೆಂದು ಕೋಳಿ ಆಹಾರ ಹಾಕುವವರು ಅದನ್ನು ವೈದ್ಯರಿಗೆ ಮುಚ್ಚಿಡಬಾರದು: ಅದರಲ್ಲಿರಬಹುದಾದ ಮೊನೆನ್ಸಿನ್, ಸ್ಯಾಲಿನೊಮೈಸಿನ್‌ಗಳು ಟಿಯಾಮುಲಿನ್ ಜೊತೆ ಸೇರಿದರೆ ಹಂದಿಗೆ ವಿಷವಾಗುತ್ತವೆ. ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನೀಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಔಷಧ ನಿಲ್ಲಿಸಿದ ಮೇಲೆ ನಿಗದಿತ ದಿನಗಳು ಕಳೆಯದೆ ಹಂದಿಯನ್ನು ಕಸಾಯಿಖಾನೆಗೆ ಕಳಿಸಿದರೆ ಉಳಿಕೆ ಅಂಶ ತಿನ್ನುವವರ ತಟ್ಟೆ ಸೇರುತ್ತದೆ. ಈ ಮಾತು ಮಾಂಸ ಕೊಳ್ಳುವ ನಗರವಾಸಿಗಳಿಗೂ ಸಂಬಂಧಿಸಿದ್ದು.

ಹೊಸದಾಗಿ ಕೊಂಡ ಹಂದಿಗಳನ್ನು ಕನಿಷ್ಠ 30 ದಿನ ಬೇರೆಯೇ ಇಡುವುದು, ಒಂದು ತಂಡ ಪೂರ್ತಿ ಹೊರಹೋದ ಬಳಿಕ ಶೆಡ್ ತೊಳೆದು ಒಣಗಿಸಿ ಮುಂದಿನ ತಂಡ ಬಿಡುವುದು, ಬೇರೆ ಬೇರೆ ವಯಸ್ಸಿನವನ್ನು ಒಂದೇ ಕಡೆ ಕೂಡಿಹಾಕದಿರುವುದು ಖರ್ಚಿಲ್ಲದ ಕ್ರಮಗಳು. ಹೋಟೆಲ್ ಉಳಿಕೆ ತರುವವರು ಅದನ್ನು ಚೆನ್ನಾಗಿ ಕುದಿಸಿಯೇ ಹಾಕಬೇಕು. ಸಂಶಯವಿದ್ದಲ್ಲಿ ಹತ್ತಿರದ ಪಶು ಆಸ್ಪತ್ರೆಯನ್ನಾಗಲಿ 1962 ಸಹಾಯವಾಣಿಯನ್ನಾಗಲಿ ಸಂಪರ್ಕಿಸಬಹುದು; ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆಯಲ್ಲಿ ರೋಗಪತ್ತೆಯ ವ್ಯವಸ್ಥೆಯಿದೆ. ಮಾರಿದ ಹಂದಿಗಳ ಶ್ವಾಸಕೋಶವನ್ನು ಕಸಾಯಿಖಾನೆಯಲ್ಲಿ ಒಮ್ಮೆ ನೋಡಿ ಬರುವುದೂ ಉಪಯುಕ್ತ. ಮುಂಭಾಗದ ಕೆಳಹಾಲೆಗಳು ಗುಲಾಬಿ ಬಣ್ಣದ ಬದಲು ಬೂದು ಮಿಶ್ರಿತ ನೇರಳೆಯಾಗಿ, ಮಾಂಸದಂತೆ ಗಟ್ಟಿಯಾಗಿದ್ದರೆ ಶೆಡ್‌ನಲ್ಲಿ ಉಳಿದಿರುವ ಮರಿಗಳಲ್ಲೂ ಮೈಕೋಪ್ಲಾಸ್ಮಾ ಇರುವ ಸಾಧ್ಯತೆ ಹೆಚ್ಚು.